ವಾರದಲ್ಲೇ ಸತ್ತುಹೋಗುವ ಎಲ್‌ಡಿಎಚ್‌ಎ: ಬಲ್ಲವರು ಅನುಭವ ಹಂಚಿಕೊಳ್ಳಿ

ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ, ಹಿಸ್ ಟ್ಯಾಗ್ (ಶುದ್ಧೀಕರಣಕ್ಕೆಂದು ಜೋಡಿಸಿದ ಹಿಸ್ಟಿಡಿನ್ ಬಾಲ) ಇರುವ ಮಾನವ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎ (ಎಲ್‌ಡಿಎಚ್‌ಎ, ಪೈರುವೇಟನ್ನು ಲ್ಯಾಕ್ಟೇಟ್ ಮಾಡುವ ಕಿಣ್ವ), 50 ಮೈಕ್ರೋಗ್ರಾಂನ ಎರಡು ವಯಲ್ ತರಿಸಿದ್ದೆವು. ಒಂದನ್ನು ಸೋಡಿಯಂ ಫಾಸ್ಫೇಟ್ ಬಫರಿನಲ್ಲಿ ಮಿಲಿಲೀಟರಿಗೆ 5 ಮೈಕ್ರೋಗ್ರಾಂನಂತೆ ತೆಳುಮಾಡಿ −20ರಲ್ಲಿ ಇಟ್ಟೆವು. ಮೊದಲ ದಿನ ಚೆನ್ನಾಗಿತ್ತು, ವಾರ ಕಳೆದ ಮೇಲೆ ಕಾಲುಭಾಗ ಚಟುವಟಿಕೆಯೂ ಇಲ್ಲ. ಇನ್ನೊಂದು ವಯಲನ್ನು ಹೇಗೆ ಉಳಿಸಿಕೊಳ್ಳುವುದು?

— ಎರಡು ತಪ್ಪು ಒಟ್ಟಿಗೇ ಆಗಿವೆ. ಸೋಡಿಯಂ ಫಾಸ್ಫೇಟ್ ಹೆಪ್ಪುಗಟ್ಟುವಾಗ ಅದರ ಡೈಸೋಡಿಯಂ ಲವಣ ಮೊದಲು ಹರಳಾಗುತ್ತದೆ. ಉಳಿದ ದ್ರವದ ಪಿಎಚ್ ಸುಮಾರು 3 ಅಂಕದವರೆಗೂ ಇಳಿಯಬಹುದು. ಇದು ನಾಲ್ಕು ಸರಪಳಿ ಸೇರಿ ಆದ ಕಿಣ್ವ, ಆ ಹುಳಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಅಷ್ಟು ತೆಳುವಾದ ದ್ರಾವಣದಲ್ಲಿ ಟ್ಯೂಬಿನ ಗೋಡೆಗೂ ಮಂಜಿನ ಹರಳಿನ ಮೈಗೂ ಅಂಟಿಕೊಂಡು ಕಳೆದುಹೋಗುವ ಪಾಲೂ ದೊಡ್ಡದು.

ಎರಡನೇ ವಯಲ್ ಪುಡಿಯಾಗಿದ್ದರೆ ಮುಚ್ಚಳ ತೆರೆಯುವ ಮೊದಲು ಒಂದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ಸ್ಪಿನ್ ಮಾಡಿ, ಪುಡಿ ಮುಚ್ಚಳಕ್ಕೆ ಹತ್ತಿರುತ್ತದೆ. 100 ಮೈಕ್ರೋಲೀಟರಿನಲ್ಲಿ ಕರಗಿಸಿ, ಅಂದರೆ ಮಿಲಿಲೀಟರಿಗೆ 0.5 ಮಿಲಿಗ್ರಾಂ. ವಾರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕುವುದು ಬೇಡ. ಬಫರ್: ಟ್ರಿಸ್ 50 ಮಿಲಿಮೋಲಾರ್ ಪಿಎಚ್ 7.5, ಉಪ್ಪು 100 ಮಿಲಿಮೋಲಾರ್, ಡಿಟಿಟಿ (ಆಕ್ಸಿಡೀಕರಣ ತಡೆಯುವ ರಾಸಾಯನಿಕ) 1 ಮಿಲಿಮೋಲಾರ್, ಗ್ಲಿಸರಾಲ್ 20 ಶೇಕಡಾ. ಹತ್ತು ಹತ್ತು ಮೈಕ್ರೋಲೀಟರಿನಂತೆ ಹಂಚಿ, ದ್ರವ ಸಾರಜನಕದಲ್ಲಿ ಅದ್ದಿ −80ಕ್ಕೆ. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

— −80 ಇಲ್ಲದವರು ಗ್ಲಿಸರಾಲನ್ನು 50 ಶೇಕಡಾಕ್ಕೆ ಏರಿಸಿ −20ರಲ್ಲಿ ಇಡಿ, ಅದು ಹೆಪ್ಪೇ ಕಟ್ಟುವುದಿಲ್ಲ. ಫ್ರಾಸ್ಟ್-ಫ್ರೀ ಫ್ರೀಜರ್ ಮಾತ್ರ ಬೇಡ, ಮಂಜು ಕರಗಿಸಲು ಅದು ಆಗಾಗ ಬಿಸಿಯಾಗುತ್ತದೆ. ಅಸ್ಸೇಗೆ (ಚಟುವಟಿಕೆ ಅಳೆಯುವ ಪರೀಕ್ಷೆಗೆ) ತೆಳುಮಾಡುವ ಬಫರಿಗೆ ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ಕಿಣ್ವ ಗೋಡೆಗೆ ಅಂಟದಂತೆ ತಡೆಯುವ, ಹಸುವಿನ ರಕ್ತದ ಪ್ರೋಟೀನ್) ಹಾಕಿ, ಆ ದಿನವೇ ಬಳಸಿ ಮುಗಿಸಿ. ಪ್ರೋಟೀನ್ ಅಳೆಯುವ ಅಥವಾ ಬೈಂಡಿಂಗ್ ನೋಡುವ ಕೆಲಸಕ್ಕಾದರೆ ಬಿಎಸ್‌ಎ ಸೇರಿಸಬಾರದು.

— ಕಿಣ್ವವನ್ನು ದೂರುವ ಮೊದಲು ಎನ್‌ಎಡಿಎಚ್ (ಕಿಣ್ವದ ಕ್ರಿಯೆಯಲ್ಲಿ ಖರ್ಚಾಗುವ, 340 ನ್ಯಾನೋಮೀಟರ್ ಬೆಳಕು ಹೀರುವ ಸಹಕಿಣ್ವ) ನೋಡಿ. ಹುಳಿಯಲ್ಲಿ ಅದು ಬೇಗ ಕೆಡುತ್ತದೆ, ಫಾಸ್ಫೇಟ್ ಆ ಕೆಡುವಿಕೆಗೆ ವೇಗ ಕೊಡುತ್ತದೆ. ಪಿಎಚ್ 8ರ ಟ್ರಿಸ್‌ನಲ್ಲಿ ಕರಗಿಸಿ, ಬೆಳಕು ತಾಗದಂತೆ ಇಡಿ. 260 ಮತ್ತು 340 ನ್ಯಾನೋಮೀಟರ್ ರೀಡಿಂಗ್‌ಗಳ ಅನುಪಾತ 2.3ರ ಆಸುಪಾಸು ಇರಬೇಕು; ಅದಕ್ಕಿಂತ ತುಂಬಾ ಏರಿದ್ದರೆ ಚೆಲ್ಲಿಬಿಡಿ.

— 1 ಮಿಲಿಲೀಟರ್ ಕ್ಯುವೆಟ್‌ಗೆ ಎನ್‌ಎಡಿಎಚ್ 0.2, ಪೈರುವೇಟ್ 1 ಮಿಲಿಮೋಲಾರ್ ಸಾಕು. ಪೈರುವೇಟ್ ಹೆಚ್ಚಾದರೆ ಕಿಣ್ವವನ್ನೇ ತಡೆಯುತ್ತದೆ. 25 ಡಿಗ್ರಿಗೆ ಬಂದ ಮೇಲೆ ಕೊನೆಗೆ 50 ನ್ಯಾನೋಗ್ರಾಂ ಕಿಣ್ವ ಹಾಕಿ, ಮೊದಲ ನಿಮಿಷದ ನೇರ ಭಾಗವನ್ನಷ್ಟೇ ತೆಗೆದುಕೊಳ್ಳಿ. 340ರಲ್ಲಿ ನಿಮಿಷಕ್ಕೆ 0.124 ಇಳಿದರೆ, 6.22ರಿಂದ (1 ಮಿಲಿಮೋಲಾರ್ ಎನ್‌ಎಡಿಎಚ್ 1 ಸೆಂಟಿಮೀಟರಿನಲ್ಲಿ ಹೀರುವ ಬೆಳಕಿನ ಅಳತೆ) ಭಾಗಿಸಿದಾಗ 0.02 ಯೂನಿಟ್ (ಯೂನಿಟ್ ಅಂದರೆ ನಿಮಿಷಕ್ಕೆ 1 ಮೈಕ್ರೋಮೋಲ್), ಮಿಲಿಗ್ರಾಂಗೆ 400. ಪೈರುವೇಟ್ ಹಾಕದ ಬ್ಲ್ಯಾಂಕಿನ ಇಳಿತವನ್ನು ಮೊದಲೇ ಕಳೆಯಿರಿ. ಪ್ಲೇಟಿನಲ್ಲಿ ಮಾಡಿದರೆ ಬೆಳಕಿನ ದಾರಿ 1 ಸೆಂಟಿಮೀಟರ್ ಇರುವುದಿಲ್ಲ, ಅದನ್ನೂ ಲೆಕ್ಕಕ್ಕೆ ತನ್ನಿ. ವಯಲ್ ಜೊತೆ ಬಂದ ಹಾಳೆಯಲ್ಲಿ ಅಚ್ಚಾದ ಯೂನಿಟ್ 37 ಡಿಗ್ರಿಯದ್ದೋ, ಲ್ಯಾಕ್ಟೇಟ್ ಕಡೆಯಿಂದ ಅಳೆದದ್ದೋ ಓದಿಕೊಳ್ಳದೆ ಹೋಲಿಸಿದರೆ ಒಳ್ಳೆಯ ಕಿಣ್ವವೂ ಕೆಟ್ಟದ್ದಾಗಿ ಕಾಣುತ್ತದೆ.

ಹಳೇ ಟ್ಯೂಬಿನಲ್ಲಿ ಉಳಿದದ್ದು ಏನಾದರೂ ಉಪಯೋಗಕ್ಕೆ ಬರುತ್ತದೆಯೇ?

— ಗಂಟುಕಟ್ಟಿದ ಪ್ರೋಟೀನ್ ಹಿಂದಿರುಗುವುದಿಲ್ಲ. 4 ಡಿಗ್ರಿಯಲ್ಲಿ 12,000 ಜಿ, 10 ನಿಮಿಷ ಸ್ಪಿನ್ ಮಾಡಿ, ಮೇಲಿನ ತಿಳಿಯಿಂದ ಪಿಪೆಟ್ ಕೈ ಪಳಗಿಸಿಕೊಳ್ಳಬಹುದು. ಇನ್ಹಿಬಿಟರ್‌ನ (ಕಿಣ್ವ ತಡೆಯುವ ವಸ್ತುವಿನ) ಐಸಿ50, ಅಂದರೆ ಚಟುವಟಿಕೆಯನ್ನು ಅರ್ಧಕ್ಕಿಳಿಸುವ ಸಾಂದ್ರತೆ, ತೆಗೆಯಲು ಅದನ್ನು ಬಳಸಲೇಬೇಡಿ: ಎಷ್ಟು ಕಿಣ್ವ ಜೀವಂತ ಇದೆ ಅನ್ನುವುದು ಅಲ್ಲಿ ದಿನದಿನಕ್ಕೂ ಬದಲಾಗುತ್ತಿರುತ್ತದೆ.