ಸಣ್ಣ ಫೈಲ್ ಹೋಗುತ್ತೆ, ದೊಡ್ಡದು ನಿಲ್ಲುತ್ತೆ: ಗುಂಪಿನ ಆರ್‌ಸಿಂಕ್ (ಮೆಷಿನ್‌ಗಳ ನಡುವೆ ಫೈಲ್ ನಕಲಿಸೋ ಪ್ರೋಗ್ರಾಂ) ಪ್ರಶ್ನೋತ್ತರ. ಸದಸ್ಯರಿಗೆ ಅವರ ಊರಿನ ಹೆಸರೇ ಹೆಸರು

ಶಿರಾ: ತುಮಕೂರಿನ ಸರ್ವರ್‌ನಿಂದ ಚಿಂತಾಮಣಿ ಶಾಖೆಗೆ ರಾತ್ರಿ ಆರ್‌ಸಿಂಕ್. ಎರಡೂ ಕಡೆ ರೂಟರ್‌ನಲ್ಲೇ ವೈರ್‌ಗಾರ್ಡ್ ವಿಪಿಎನ್. ಲಾಗಿನ್ ಆಗುತ್ತೆ, ಸಣ್ಣ ಫೈಲ್ ಹೋಗುತ್ತೆ. 40 ಎಂಬಿ ಡಂಪ್ ಬಂದ ತಕ್ಷಣ ಗರ ಬಡಿದ ಹಾಗೆ ನಿಲ್ಲುತ್ತೆ. ಎರರ್ ಇಲ್ಲ.

ಇಂಜಿನಿಯರ್: ಸರ್ವರ್‌ನಿಂದ ಶಾಖೆಗೆ 'ಪಿಂಗ್ -ಎಂ ಡು -ಎಸ್ 1472' ಕೊಡಿ (ಒಡೆಯದೆ ಹೋಗಬೇಕಾದ, 1472 ಬೈಟ್‌ನ ಪರೀಕ್ಷಾ ಪ್ಯಾಕೆಟ್), ಆಮೇಲೆ 1392. 'ಫ್ರಾಗ್ ನೀಡೆಡ್', ಅಂದರೆ ಒಡೆಯದೆ ಹೋಗಲ್ಲ ಅನ್ನೋ ಸಾಲು ಬರುತ್ತಾ, ಸುಮ್ಮನೆ ಕೂರುತ್ತಾ ನೋಡಿ.

ಮಾಲೂರು: 'ಪ್ರೋಟೊಕಾಲ್ ವರ್ಷನ್ ಮಿಸ್‌ಮ್ಯಾಚ್, ಈಸ್ ಯುವರ್ ಶೆಲ್ ಕ್ಲೀನ್' ಅಂತ ಬರ್ತಿದೆ.

ಬಂಗಾರಪೇಟೆ: ಎರಡೂ ಕಡೆ ಆರ್‌ಸಿಂಕ್ ಅಪ್‌ಡೇಟ್ ಮಾಡಿ.

ಇಂಜಿನಿಯರ್: ಬೇಡ. ಹಳೆಯದು, ಹೊಸದು ತಾವೇ ಮಾತಾಡಿಕೊಳ್ಳುತ್ತವೆ. ಆ ಕಡೆಯ ಬ್ಯಾಶ್‌ಆರ್‌ಸಿಯಲ್ಲಿ (ಶೆಲ್ ಶುರುವಾದಾಗ ಓಡೋ ಫೈಲ್) ಯಾರೋ ಎಕೋ ಹಾಕಿದ್ದಾರೆ, ಅದು ಬರೆಯೋ ಸಾಲು ಆರ್‌ಸಿಂಕ್ ಮಾತಿನ ನಡುವೆ ಬೆರೆಯುತ್ತೆ. ಎಸ್‌ಎಸ್‌ಎಚ್‌ನಲ್ಲಿ (ದೂರದ ಮೆಷಿನ್‌ಗೆ ಲಾಗಿನ್) ಏನೂ ಬರೆಯದ '/ಬಿನ್/ಟ್ರೂ' ಓಡಿಸಿ, ಔಟ್‌ಪುಟ್ ಫೈಲಿಗೆ ಹಾಕಿ. ಫೈಲ್ 0 ಬೈಟ್ ಇರಬೇಕು.

ಗೌರಿಬಿದನೂರು: ಕೀ ಹಾಕಿದರೂ ಪಾಸ್‌ವರ್ಡ್ ಕೇಳುತ್ತೆ. ಫಾರ್ವರ್ಡ್ ಬಂದ ಹಾಗೆ ಹೋಮ್ ಫೋಲ್ಡರ್‌ಗೆ ಸಿಎಚ್‌ಮಾಡ್ -ಆರ್ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟೆ.

ಇಂಜಿನಿಯರ್: ಇನ್ನೇನು, ಅದಕ್ಕೇ ಕೇಳ್ತಿರೋದು! ಬೇರೆಯವರು ಬರೆಯಬಹುದಾದ ಹೋಮ್‌ನಲ್ಲಿರೋ ಕೀಯನ್ನ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್‌ನ ಸರ್ವರ್ ಕಡೆ) ನಂಬಲ್ಲ. ಹೋಮ್ 755, ಡಾಟ್ ಎಸ್‌ಎಸ್‌ಎಚ್ 700, ಆಥರೈಸ್ಡ್ ಕೀಸ್ 600. ಈ 777 ಕಷಾಯ ಹಂಚೋದು ನಿಲ್ಲಿಸಿ.

ಕುಣಿಗಲ್: ಡೇಟಾ ಫೋಲ್ಡರ್ ಒಳಗೇ ಇನ್ನೊಂದು ಡೇಟಾ ಫೋಲ್ಡರ್ ಆಗ್ತಿದೆ.

ಇಂಜಿನಿಯರ್: ಮೂಲದ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕಿ. ಡಿಲೀಟ್ ಆಯ್ಕೆ ಇದ್ದರೆ ಮೊದಲು -ಎನ್ (ಏನೂ ಬದಲಿಸದ ಒಣ ಓಟ) ಕೊಟ್ಟು ನೋಡಿ.

ಬಾಗೇಪಲ್ಲಿ: ಮ್ಯಾಕ್‌ನಿಂದ ಬಂದ ಕನ್ನಡ ಹೆಸರಿನ ಫೈಲ್‌ಗಳು ಎರಡೆರಡು ಕಾಣ್ತವೆ. ಯಾಕೆ?

ಶಿರಾ: 1472ಕ್ಕೆ ಸದ್ದೇ ಇಲ್ಲ. 1392 ಬಂತು.

ಬಂಗಾರಪೇಟೆ: ಬಿಡಬ್ಲ್ಯುಲಿಮಿಟ್ (ವೇಗದ ಮಿತಿ) ಹಾಕಿ, ಸರಿಹೋಗುತ್ತೆ.

ಇಂಜಿನಿಯರ್: ಹೋಗಲ್ಲ. ಇದು ವೇಗದ ವಿಷಯ ಅಲ್ಲ, ಪ್ಯಾಕೆಟ್ ಗಾತ್ರದ್ದು. 1392ಕ್ಕೆ ಹೆಡರ್ 28 ಸೇರಿಸಿದರೆ 1420, ವೈರ್‌ಗಾರ್ಡ್‌ನ ಮಾಮೂಲಿ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ). ಸರ್ವರ್ 1500ರ ಪ್ಯಾಕೆಟ್ ಕಳಿಸುತ್ತೆ. ರೂಟರ್ ಅದನ್ನ ಎಸೆದು 'ಚಿಕ್ಕದು ಕಳಿಸು' ಅಂತ ಐಸಿಎಂಪಿಯಲ್ಲಿ (ನೆಟ್‌ವರ್ಕ್‌ನ ಸೂಚನೆ ಸಂದೇಶ) ಹೇಳುತ್ತೆ. ನಿಮಗೆ ಆ ಸಾಲು ಕಾಣಲೇ ಇಲ್ಲ. ಅಂದರೆ ಸರ್ವರ್ ಫೈರ್‌ವಾಲ್ ಪಿಂಗ್‌ನ ಉತ್ತರಕ್ಕೆ ಮಾತ್ರ ದಾರಿ ಬಿಟ್ಟು ಉಳಿದ ಐಸಿಎಂಪಿ ಮುಚ್ಚಿರಬೇಕು. ಸರ್ವರ್ ಅದೇ ದೊಡ್ಡ ಪ್ಯಾಕೆಟ್ ಮತ್ತೆ ಮತ್ತೆ ಕಳಿಸ್ತಾ ಕೂರುತ್ತೆ. ಫೈರ್‌ವಾಲ್‌ನಲ್ಲಿ ಟೈಪ್ 3 ಕೋಡ್ 4, ಅಂದರೆ ಆ 'ಫ್ರಾಗ್ ನೀಡೆಡ್' ಸಂದೇಶ, ಒಳಗೆ ಬರಲು ಬಿಡಿ. ಎರಡೂ ರೂಟರ್‌ನಲ್ಲಿ, ಐಪಿಟೇಬಲ್ಸ್‌ನ ಮ್ಯಾಂಗಲ್ ಟೇಬಲ್ ಫಾರ್ವರ್ಡ್ ಚೈನ್‌ನಲ್ಲಿ, ಸಿನ್ ಪ್ಯಾಕೆಟ್‌ಗೆ (ಕನೆಕ್ಷನ್ ಶುರು ಮಾಡೋದು) ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹೋಗೋ ಡೇಟಾದ ಮಿತಿ) 1380ಕ್ಕೆ ಇಳಿಸಿ. ಎಂಎಸ್‌ಎಸ್ ತೀರ್ಮಾನ ಆಗೋದು ಕನೆಕ್ಷನ್ ಶುರುವಲ್ಲೇ, ಹಾಗಾಗಿ ನೇತಾಡ್ತಿರೋ ಆರ್‌ಸಿಂಕ್ ಕೊಂದು ಹೊಸದಾಗಿ ಓಡಿಸಿ.

ಬಂಗಾರಪೇಟೆ: ಐಸಿಎಂಪಿ ಮುಚ್ಚಿದರೇ ಸೇಫ್ ಅಂತ ಎಲ್ಲರೂ ಹೇಳ್ತಾರೆ.

ಇಂಜಿನಿಯರ್: ಎಲ್ಲರೂ ಅಂದ್ರೆ ಫಾರ್ವರ್ಡ್ ಮಾಡೋರು.

ತಿಪಟೂರು: ಇಪ್ಪತ್ತು ಮೆಷಿನ್‌ಗೆ ಒಂದೇ ಫೈಲ್ ಹಂಚೋಕೆ ಆರ್‌ಸಿಂಕ್‌ಗಿಂತ ಆರ್‌ಡಿಸ್ಟ್ ಅನ್ನೋ ಹಳೇ ಪ್ರೋಗ್ರಾಮೇ ಸರಿ. ಅದರ ಡಿಸ್ಟ್‌ಫೈಲ್‌ನಲ್ಲಿ ಹೋಸ್ಟ್ (ಮೆಷಿನ್) ಪಟ್ಟಿ ಬರೆದರೆ ಮುಗೀತು.

ಬಂಗಾರಪೇಟೆ: ಆರ್‌ಎಸ್‌ಎಚ್ (ಎಸ್‌ಎಸ್‌ಎಚ್‌ಗೆ ಮುಂಚಿನ, ಸುರಕ್ಷತೆ ಇಲ್ಲದ ದೂರದ ಶೆಲ್) ಕಾಲದ್ದನ್ನ ಈಗ ಯಾರು ಮುಟ್ತಾರೆ?

ತಿಪಟೂರು: -ಪಿ ಕೊಟ್ಟು ಎಸ್‌ಎಸ್‌ಎಚ್ ತೋರಿಸಬಹುದು. ಮ್ಯಾನ್ ಪೇಜ್ ಓದಿ ಮಾತಾಡಿ.

ಬಂಗಾರಪೇಟೆ: ದೊಡ್ಡ ಫೈಲಲ್ಲಿ ಒಂದು ಸಾಲು ಬದಲಾದರೂ ಪೂರ್ತಿ ಕಳಿಸುತ್ತಲ್ಲ ನಿಮ್ಮ ಆರ್‌ಡಿಸ್ಟ್?

ತಿಪಟೂರು: ನಾನು ಹೇಳಿದ್ದು ಕಾನ್ಫಿಗ್ ಫೈಲ್‌ಗೆ.

ಮಧುಗಿರಿ: ಫೋಲ್ಡರ್ ಒಳಗೆ ಫೋಲ್ಡರ್ ಆಗ್ತಿದೆ ಸಾರ್.

ಇಂಜಿನಿಯರ್: ಸ್ಲ್ಯಾಶ್. ಮೇಲೆ ಇದೆ.

ಬಾಗೇಪಲ್ಲಿ: ನನ್ನ ಪ್ರಶ್ನೆ?

ಶಿರಾ: ಡಂಪ್ ದಾಟಿತು.