ಜನ ಗಣ ಮನ ಹಾಡುವಾಗ ಮಗ ಮಂಡಿಯೂರುತ್ತಾನಂತೆ, ಏನು ಮಾಡಲಿ?

ಧಾರವಾಡದಾಕಿ, ಕೋಥರೂಡ್

ಎಲ್ಲರಿಗೂ ನಮಸ್ಕಾರ. ನಾವು ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಮಗ ಎಂಟನೇ ಕ್ಲಾಸು, ಶಾಲೆಯ ಫುಟ್‌ಬಾಲ್ ಟೀಮಿನಲ್ಲಿದ್ದಾನೆ. ಬರುವ ಶನಿವಾರ ಸ್ಪೋರ್ಟ್ಸ್ ಡೇ. ಟೀಮು ಧ್ವಜದ ಮುಂದೆ ಸಾಲಾಗಿ ನಿಂತು ರಾಷ್ಟ್ರಗೀತೆ ಹಾಡಬೇಕು. ಆಗ ತಾನೂ ಇನ್ನಿಬ್ಬರೂ ನಿಲ್ಲದೆ ಒಂದು ಮಂಡಿ ಊರುತ್ತೇವೆ ಅಂತ ನಿನ್ನೆ ಊಟಕ್ಕೆ ಕೂತಾಗ ಹೇಳಿದ. ಸಾರು ಬಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಕಾರಣ ಇದು. ಟೀಮಿನಲ್ಲಿ ಯಾದಗಿರಿ ಕಡೆಯ ಹುಡುಗ ಒಬ್ಬ ಇದ್ದ. ಅವನ ಅಪ್ಪ ಅಮ್ಮ ಇಬ್ಬರೂ ಕಟ್ಟಡ ಕೆಲಸದವರು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಫೀ ಇಲ್ಲದೆ ಓದುತ್ತಾನೆ. ನನ್ನ ಮಗ ಮನೆ ಬಿಟ್ಟರೆ ಕನ್ನಡ ಆಡುವುದು ಅವನ ಜೊತೆ ಮಾತ್ರ. ಹೋದ ವಾರ ಅವನ ಶೂ ಸೋಲ್ ಕಿತ್ತು ಬಂತು. ಸುತ್ತಲೂ ಸೆಣಬಿನ ದಾರ ಬಿಗಿದು ಆಡಿದ. ಕೋಚ್ ಎಲ್ಲರ ಎದುರಿಗೆ "ಗವಂಡಿ ಮಗ ಸಿಮೆಂಟ್ ಕಲಸಲಿ" ಅಂದು ಟೀಮಿನಿಂದ ತೆಗೆದರಂತೆ.

ಮಗ ಫೋನಿನಲ್ಲಿ ರಾಷ್ಟ್ರಗೀತೆಗೆ ನಿಲ್ಲದೆ ಮಂಡಿಯೂರಿದ ಅಮೆರಿಕದ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ ಕಥೆ ನೋಡಿದ್ದಾನೆ. 1968ರ ಒಲಿಂಪಿಕ್ಸ್‌ನಲ್ಲಿ ಕೈ ಮೇಲೆತ್ತಿ ನಿಂತ ಅಮೆರಿಕದ ಇಬ್ಬರು ಕಪ್ಪು ಓಟಗಾರರ ಫೋಟೋನೂ ಇಟ್ಟುಕೊಂಡಿದ್ದಾನೆ. "ಅಮ್ಮ, ಅವರು ದೇಶ ಬೈಲಿಲ್ಲ, ಅನ್ಯಾಯ ತೋರಿಸಿದರು" ಅನ್ನುತ್ತಾನೆ. ನಮ್ಮವರು ಕೆಂಡವಾಗಿದ್ದಾರೆ. ಅತ್ತೆಯವರು ಊಟ ಬಿಟ್ಟು ಎದ್ದರು.

ನನ್ನದು ಎರಡೇ ಪ್ರಶ್ನೆ. ಇದರಿಂದ ಶಾಲೆಯಲ್ಲೋ ಪೊಲೀಸರಿಂದಲೋ ತೊಂದರೆ ಆಗುತ್ತಾ? ಅವನಿಗೆ ಹೇಗೆ ಹೇಳಲಿ?

ಪಿಂಪ್ರಿ ಕಾಕಾ

ತಂಗಿ, ಮೊದಲು ಆ ಫೋನ್ ಕಿತ್ತಿಡು. ಇಲ್ಲಿ ನೂರು ಸಲ ಹೇಳಿದ್ದೇನೆ, ಬೇಸಿಗೆ ರಜೆಗೆ ಮಕ್ಕಳನ್ನು ಊರಿಗೆ ಕಳಿಸಿ ಅಂತ. ನನ್ನ ಇಬ್ಬರೂ ಎರಡು ತಿಂಗಳು ಮುಧೋಳದಲ್ಲೇ ಇರುತ್ತಿದ್ದರು. ಅಜ್ಜನ ಜೊತೆ ಹೊಲಕ್ಕೆ ಹೋಗುತ್ತಿದ್ದರು. ಇವತ್ತು ಮಗಳು ಡಾಕ್ಟರ್, ಮಗ ಕೆನಡಾದಲ್ಲಿ. ಊರಿನ ನೀರು ಕುಡಿದ ಮಕ್ಕಳು ದಾರಿ ತಪ್ಪುವುದಿಲ್ಲ.

ನಿವೃತ್ತ ಸುಬೇದಾರ್, ವಾನವಡಿ

ಅಕ್ಕಾ, ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಇದನ್ನು ಇವತ್ತೇ ನಿಲ್ಲಿಸಿ. ಕೋಚ್ ಮಾಡಿದ್ದು ತಪ್ಪು. ಅವನಿಗೆ ಬೈಯಿರಿ, ಶಾಲೆಗೆ ಹೋಗಿ ಜಗಳ ಆಡಿ, ನಾನೂ ಬರುತ್ತೇನೆ. ಆದರೆ ಧ್ವಜ ಆ ಕೋಚಿನದಲ್ಲ.

ನಾನು 28 ವರ್ಷ ಸೈನ್ಯದಲ್ಲಿದ್ದೆ. ಗೋಕಾಕ ಹತ್ತಿರದ ಒಂದು ಹಳ್ಳಿಗೆ ನಮ್ಮ ಹುಡುಗನ ಶವಪೆಟ್ಟಿಗೆ ತಗೊಂಡು ಹೋಗಿದ್ದೆ. ಧ್ವಜವನ್ನು ಮಣ್ಣಿಗೆ ಇಳಿಸುವ ಹಾಗಿಲ್ಲ, ಬೆಂಕಿಗೂ ಕೊಡುವ ಹಾಗಿಲ್ಲ. ಅದಕ್ಕೇ ಮೊದಲು ಪೆಟ್ಟಿಗೆ ಮೇಲಿಂದ ತೆಗೆಯುತ್ತೇವೆ. ನಾಲ್ಕು ಜನ ಹಿಡಿದು ಮಡಚಿದೆವು. ಅವನ ತಾಯಿಯ ಕೈಗೆ ಕೊಟ್ಟೆ. ಆಕೆ ಸೆರಗಿನಲ್ಲಿ ಇಟ್ಟುಕೊಂಡು ಎದೆಗೆ ಒತ್ತಿಕೊಂಡರು, ಮಗುವನ್ನು ಎತ್ತಿಕೊಂಡ ಹಾಗೆ. ಅಳಲಿಲ್ಲ. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರಾಷ್ಟ್ರಗೀತೆ 52 ಸೆಕೆಂಡು. ಆ ತಾಯಿಗೋಸ್ಕರ 52 ಸೆಕೆಂಡು ನೇರ ನಿಲ್ಲಲು ಆಗುವುದಿಲ್ಲ ಅಂದರೆ ಯಾವ ನ್ಯಾಯದ ಮಾತು?

ಇದರಲ್ಲಿ ಚರ್ಚೆ ಬೇಡ. ನಿಲ್ಲಬೇಕು, ಅಷ್ಟೇ.

ಮಂಡ್ಯದವರು, ಠಾಣೆ

ಸುಬೇದಾರ್ ಸರ್, ನಿಮ್ಮ ಮಾತಿಗೆ ತಲೆ ಬಾಗುತ್ತೇನೆ. ಆದರೆ ಚರ್ಚೆ ಬೇಡ ಅನ್ನಬೇಡಿ. ನಮ್ಮ ಮದ್ದೂರಿನ ಪಕ್ಕ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಧ್ವಜ ಹಾರಿಸಬಾರದು ಅಂತ ಸರ್ಕಾರದ ಆಜ್ಞೆ ಇತ್ತು. ಆದರೂ ಹಾರಿಸಿದರು, ಜೈಲಿಗೆ ಹೋದರು. ಅದೇ ತಿಂಗಳು 25ಕ್ಕೆ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಈ ಧ್ವಜ ಹುಟ್ಟಿದ್ದೇ ಪ್ರತಿಭಟನೆಯಲ್ಲಿ. ನಮ್ಮ ತಾತ ಶಿವಪುರಕ್ಕೆ ನಡೆದುಕೊಂಡು ಹೋಗಿದ್ದರು. ನನ್ನ ಮಕ್ಕಳಿಗೆ ಆ ಕಥೆ ಹೇಳಲು ಹೋದರೆ "ಪಪ್ಪಾ, ಹಿಂದಿಯಲ್ಲಿ ಹೇಳಿ" ಅನ್ನುತ್ತಾರೆ. ಇಪ್ಪತ್ತು ವರ್ಷ ಮುಂಬೈಯಲ್ಲಿ ಲೋಕಲ್ ಹಿಡಿಯುವುದರಲ್ಲೇ ಕಳೆದೆ. ಕನ್ನಡ ಕಲಿಸಲಿಲ್ಲ. ಈ ತಾಯಿಯ ಮಗ ಕನ್ನಡದಲ್ಲಿ ಒಬ್ಬ ಗೆಳೆಯನನ್ನು ಸಂಪಾದಿಸಿದ್ದಾನೆ. ನನಗೆ ಅದೇ ದೊಡ್ಡದಾಗಿ ಕಾಣುತ್ತದೆ.

ನಿವೃತ್ತ ಸುಬೇದಾರ್, ವಾನವಡಿ

ಶಿವಪುರದವರು ಧ್ವಜ ಎತ್ತಲು ಜೈಲಿಗೆ ಹೋದರು ಸರ್. ಅದರ ಮುಂದೆ ಕೂರಲು ಅಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಹುಬ್ಬಳ್ಳಿ ಹುಡುಗಿ, ಹಿಂಜವಡಿ

ಕೇಪರ್ನಿಕ್ ವಿಷಯ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಒಬ್ಬ ಸೈನಿಕನ ಪಾತ್ರ ಇದೆ. 2016ರ ಆಗಸ್ಟ್‌ನಲ್ಲಿ ಆತ ಮೊದಲು ಬೆಂಚಿನ ಮೇಲೆ ಕೂತೇ ಇದ್ದ. ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯ ನಡೆಯುತ್ತಿದೆ ಅನ್ನುವುದು ಅವನ ದೂರು. ಆಗ ನೇಟ್ ಬೋಯರ್ ಅನ್ನುವ ಮಾಜಿ ಕಮಾಂಡೋ ಅವನನ್ನು ಭೇಟಿ ಮಾಡಿ, ಕೂರಬೇಡ, ಒಂದು ಮಂಡಿ ಊರು ಅಂದ. ಸತ್ತ ಜೊತೆಗಾರನ ಸಮಾಧಿ ಮುಂದೆ ಸೈನಿಕರು ಹಾಗೇ ಮಂಡಿಯೂರುತ್ತಾರೆ ಅಂತ. ಸೆಪ್ಟೆಂಬರ್ 1ರಿಂದ ಆತ ಮಂಡಿಯೂರಿದ. ಅವಮಾನ ಮಾಡುವ ಉದ್ದೇಶ ಅಲ್ಲಿ ಇರಲಿಲ್ಲ. ಆದರೂ ಆ ಸೀಸನ್ ಮುಗಿದ ಮೇಲೆ ಒಂದು ತಂಡವೂ ಅವನನ್ನು ತೆಗೆದುಕೊಳ್ಳಲಿಲ್ಲ. ಮಗನಿಗೆ ಆ ಅರ್ಧ ಕಥೆಯನ್ನೂ ಹೇಳಿ ಅಕ್ಕ.

ಇನ್ನೊಂದು. ನನ್ನ ಸೋದರತ್ತೆ ಬೆಂಗೇರಿಯ ಖಾದಿ ಸಂಘದಲ್ಲಿ ಧ್ವಜ ಹೊಲಿಯುತ್ತಾರೆ. ಚಿಕ್ಕವಳಿದ್ದಾಗ ಮಧ್ಯಾಹ್ನದ ಬುತ್ತಿ ಕೊಡಲು ಹೋಗುತ್ತಿದ್ದೆ. ಬಾಗಲಕೋಟೆ ಕಡೆಯಿಂದ ಬಟ್ಟೆ ಬರುತ್ತದೆ. ಮೂರು ಬಣ್ಣದ ಪಟ್ಟಿ ಬೇರೆ ಬೇರೆ, ಬಿಳಿಯ ಎರಡೂ ಬದಿಗೆ 24 ಗೆರೆಯ ಚಕ್ರ. ಎರಡೂ ಚಕ್ರ ಒಂದರ ಮೇಲೊಂದು ಕೂರಬೇಕು, ಒಂದು ಎಳೆ ಆಚೀಚೆ ಆದರೂ ಆ ತುಂಡು ಬದಿಗೆ. ಅತ್ತೆ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಮಷಿನ್ ಮುಂದೆ ಕೂರುತ್ತಿದ್ದರು. ಯಾರೂ ಹೇಳಿರಲಿಲ್ಲ. 2021ರ ಕೊನೆಗೆ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟ ಮೇಲೆ ಅಲ್ಲಿ ಆರ್ಡರ್ ಕಡಿಮೆ ಆಯಿತು. ಆಗ ಈ ಹೆಂಗಸರ ಪರ ಯಾರು ಎದ್ದು ನಿಂತರು? ಗೌರವ ಅಂದರೆ ಬಟ್ಟೆಗೆ ಮಾತ್ರವಾ, ಹೊಲಿದವರಿಗೆ ಬೇಡವಾ? ನನಗೆ ಈ ಸಿಟ್ಟು ಇನ್ನೂ ಇಳಿದಿಲ್ಲ.

ವಾಸ್ಕೋ ನಿವಾಸಿ

ನಿಲ್ಲದವರನ್ನೆಲ್ಲ ದ್ರೋಹಿ ಅನ್ನುವ ಮೊದಲು ಇದನ್ನು ನೆನಪಿಡಿ. 2016ರಲ್ಲಿ ನಮ್ಮ ಪಣಜಿಯ ಥಿಯೇಟರಿನಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲ ಅಂತ ಒಬ್ಬರಿಗೆ ಹಿಂದಿನಿಂದ ಹೊಡೆದರು. ಅವರು ಗಾಲಿಕುರ್ಚಿ ಬಳಸುವವರು, ನಿಲ್ಲಲು ಆಗುವುದೇ ಇಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಥಿಯೇಟರಿಗೂ ಕಡ್ಡಾಯ ಮಾಡಿತು, 2018ರ ಜನವರಿಯಲ್ಲಿ ಕಡ್ಡಾಯ ಅಲ್ಲ ಅಂತ ಬದಲಿಸಿತು. ಮಹಾರಾಷ್ಟ್ರದಲ್ಲಿ 2003ರಿಂದಲೇ ಹಾಕುತ್ತಿದ್ದಾರೆ, ನಿಮಗೆ ಅಭ್ಯಾಸ. ನಾನು ನಿಲ್ಲುತ್ತೇನೆ, ಸಂತೋಷದಿಂದ ನಿಲ್ಲುತ್ತೇನೆ. ಆದರೆ ಪಕ್ಕದವನು ನಿಂತನಾ ಅಂತ ತಿರುಗಿ ನೋಡುವುದಿಲ್ಲ.

ನಿವೃತ್ತ ಸುಬೇದಾರ್, ವಾನವಡಿ

ಹೊಡೆದವರು ಹೇಡಿಗಳು. ಅದನ್ನು ಯಾರು ಒಪ್ಪಿದರು ಇಲ್ಲಿ? ಆರೋಗ್ಯವಾಗಿರುವ ಫುಟ್‌ಬಾಲ್ ಆಡುವ ಹುಡುಗನ ವಿಷಯ ಮಾತಾಡುತ್ತಿದ್ದೇವೆ. ಕಮಾಂಡೋ ಹೇಳಿದ ಮಾತು ಅವರ ದೇಶದ್ದು. ನಮ್ಮಲ್ಲಿ ಗೌರವ ಅಂದರೆ ಸಾವಧಾನ್, ನೆಟ್ಟಗೆ ನಿಲ್ಲುವುದು.

ವಕೀಲ, ಶಿವಾಜಿನಗರ

ತಾಯಿಯವರ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟ ಹಾಗಿಲ್ಲ. 1971ರ ರಾಷ್ಟ್ರಗೌರವ ಕಾಯ್ದೆ ಪ್ರಕಾರ, ರಾಷ್ಟ್ರಗೀತೆ ಹಾಡುವುದನ್ನು ಬೇಕಂತಲೇ ತಡೆದರೆ ಅಥವಾ ಹಾಡುತ್ತಿರುವ ಸಭೆಗೆ ಅಡ್ಡಿ ಮಾಡಿದರೆ ಮೂರು ವರ್ಷದವರೆಗೆ ಶಿಕ್ಷೆ. ಸುಮ್ಮನೆ ಮಂಡಿಯೂರುವುದು ಆ ಸೆಕ್ಷನ್ನಿನಲ್ಲಿ ಬರೆದಿಲ್ಲ. ಆದರೆ ಹಾಡುವಾಗ ಎದ್ದು ನಿಲ್ಲಬೇಕು ಅನ್ನುವ ಗೃಹ ಇಲಾಖೆಯ ಸೂಚನೆ ಇದೆ.

1985ರಲ್ಲಿ ಕೇರಳದಲ್ಲಿ ಮೂವರು ಮಕ್ಕಳು ತಮ್ಮ ಧರ್ಮದ ಕಾರಣಕ್ಕೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಗೆ ಹಾಕಿದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಬಿಜೋ ಇಮ್ಯಾನುಯೆಲ್ ಕೇಸು ಅಂತ ಹೆಸರು. ಗಮನಿಸಿ, ಆ ಮಕ್ಕಳು ಹಾಡಲಿಲ್ಲ, ಆದರೆ ಮರ್ಯಾದೆಯಿಂದ ಎದ್ದು ನಿಂತಿದ್ದರು. ತೀರ್ಪು ನಿಂತಿರುವುದೇ ಅದರ ಮೇಲೆ. ನಿಮ್ಮ ಮಗ ಕೂತರೆ ಆ ತೀರ್ಪಿನ ಆಸರೆ ಪೂರ್ತಿ ಸಿಗುತ್ತದೆ ಅಂತ ನಾನು ಹೇಳಲಾರೆ.

ಶಾಲೆಯಿಂದ ಹೊರಗೆ ಹಾಕುವ ವಿಷಯ: 2009ರ ಆರ್‌ಟಿಇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಮಗುವನ್ನು ಹೊರಗೆ ಹಾಕುವ ಹಾಗಿಲ್ಲ. ಅದೇ ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಅನ್ನುತ್ತದೆ. ಕೋಚ್ ಆಡಿದ ಮಾತು ಅಲ್ಲಿಗೆ ಬರುತ್ತದೆ. ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಮಂಡಿಯೂರುವುದಕ್ಕಿಂತ ಆ ಕಾಗದಕ್ಕೆ ಶಕ್ತಿ ಜಾಸ್ತಿ.

ಪಿಂಪ್ರಿ ಕಾಕಾ

ಮೇಲಿನದ್ದೆಲ್ಲ ಓದಿದೆ. ನನ್ನ ಮಗ ಹದಿಮೂರಕ್ಕೆ ಇಂಥ ಮಾತು ಆಡಿದ್ದರೆ ನಾನು ಬೆಲ್ಟ್ ತೆಗೆಯುತ್ತಿದ್ದೆ. ತೆಗೆದಿದ್ದೇನೆ ಕೂಡ. ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. "ಊಟ ಆಯ್ತಾ ಅಪ್ಪಾ" ಅಂತ ಕೇಳಿ ಇಟ್ಟುಬಿಡುತ್ತಾನೆ. ತಂಗಿ, ನಿನ್ನ ಮಗ ಮಾಡುವ ಮೊದಲು ನಿನಗೆ ಬಂದು ಹೇಳಿದ್ದಾನೆ. ಫೋನ್ ಕಿತ್ತುಕೊಳ್ಳಬೇಡ.

ನಿವೃತ್ತ ಟೀಚರ್, ಡೊಂಬಿವಲಿ

ನಾನು ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದವಳು. ನನ್ನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಇಂಥ ಮಕ್ಕಳೇ. ಇಲ್ಲಿ ಧ್ವಜ, ಕೋರ್ಟ್, ಅಮೆರಿಕ ಎಲ್ಲ ಬಂತು. ಆ ಯಾದಗಿರಿ ಹುಡುಗನನ್ನು ಯಾರಾದರೂ ಕೇಳಿದಿರಾ, ಅವನಿಗೆ ಏನು ಬೇಕು ಅಂತ? ಅವನ ಅಪ್ಪ ಅಮ್ಮನಿಗೆ ಈ ವಿಷಯ ಗೊತ್ತಾ? ಶನಿವಾರ ಗಲಾಟೆ ಆದರೆ ನಾಳೆ ಅದು ಆ ಮಗುವಿನ ಮೇಲೆ ಬರುತ್ತದೆ. ನಿಮ್ಮ ಮಗನ ಮೇಲಲ್ಲ.

ಧಾರವಾಡದಾಕಿ, ಕೋಥರೂಡ್

ಎಲ್ಲರಿಗೂ ಧನ್ಯವಾದ. ಎರಡು ದಿನ ಬರೆಯಲು ಆಗಲಿಲ್ಲ. ಟೀಚರ್ ಮಾತು ಓದಿದ ಮೇಲೆ ಮಗನನ್ನು ಕರೆದುಕೊಂಡು ಆ ಹುಡುಗನ ಮನೆಯವರು ಇರುವ ಕಟ್ಟಡದ ಸೈಟಿಗೆ ಹೋಗಿದ್ದೆ. ತಗಡಿನ ಮನೆ. ಅವನ ಅಮ್ಮ ರೊಟ್ಟಿ ಬಡಿಯುತ್ತಿದ್ದರು. ನಾನು ಧಾರವಾಡದವಳು ಅಂದ ತಕ್ಷಣ ನಮಗೂ ಎರಡು ರೊಟ್ಟಿ ಹಾಕಿದರು. ವಿಷಯ ಹೇಳಿದೆ. ಆಕೆ ಹೆದರಿ, "ಅಕ್ಕಾರ, ಸಾಲಿ ಬಿಡಸ್ತಾರೇನ್ರಿ? ಗದ್ದಲ ಮಾಡಬ್ಯಾಡ್ರಿ, ಮುಂದಿನ ವರ್ಷ ಹ್ಯಾಂಗರ ಫೀ ಕಟ್ಟಬೇಕು" ಅಂದರು. ಎಂಟನೇ ಕ್ಲಾಸಿನ ನಂತರ ಆರ್‌ಟಿಇ ಸೀಟು ಇಲ್ಲವಲ್ಲ, ಆಕೆಗೆ ಅದೇ ಚಿಂತೆ. ಆ ಹುಡುಗ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. "ನನ್ನ ಮತ್ತ ಟೀಮಿಗೆ ತಗೊಂಡ್ರ ಸಾಕ್ರಿ" ಅಂದ.

ಮಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ರಾತ್ರಿ ಬಂದು, ಮಂಡಿಯೂರುವುದಿಲ್ಲ, ನಿಂತು ಹಾಡುತ್ತೇನೆ, ಆದರೆ ಶೂ ಬಿಚ್ಚಿಟ್ಟು ನಿಲ್ಲುತ್ತೇನೆ ಅಂದ. 1968ರ ಆ ಫೋಟೋ ತೋರಿಸಿದ. ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಇಬ್ಬರೂ ಶೂ ಇಲ್ಲದೆ ಬರೀ ಕಪ್ಪು ಕಾಲುಚೀಲದಲ್ಲಿ ನಿಂತಿದ್ದಾರೆ, ತಮ್ಮ ಜನರ ಬಡತನ ತೋರಿಸಲು. ನಾನು ಇಷ್ಟು ದಿನ ಅವರ ಕೈ ಮಾತ್ರ ನೋಡಿದ್ದೆ. ಬೆಂಗೇರಿ ಅತ್ತೆಯ ಚಪ್ಪಲಿ ನೆನಪಾಯಿತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮವರಿಗೆ ಇನ್ನೂ ಹೇಳಿಲ್ಲ.

ದೂರು ಬರೆಯುತ್ತಿದ್ದೇನೆ. ಶನಿವಾರಕ್ಕೆ ಮೊದಲೇ ಕೊಡಬೇಕು. ಆ ಹುಡುಗನ ಅಪ್ಪ ಒಪ್ಪಿದರೆ ಅವರ ಸಹಿಯೂ ಹಾಕಿಸಬೇಕು, ಅವರಿಗೆ ಕನ್ನಡ ಮಾತ್ರ ಓದಲು ಬರುತ್ತದೆ. ಶಾಲೆಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬೇಕು. ಯಾರಾದರೂ ಎರಡೂ ಭಾಷೆಯಲ್ಲಿ ಸರಿಯಾಗಿ ಬರೆದುಕೊಡುತ್ತೀರಾ?

ವಕೀಲ, ಶಿವಾಜಿನಗರ

ಕರಡು ಕಳಿಸಿ. ಇವತ್ತು ರಾತ್ರಿ ಮಾಡಿಕೊಡುತ್ತೇನೆ.

ನಿವೃತ್ತ ಸುಬೇದಾರ್, ವಾನವಡಿ

ಬರಿಗಾಲಲ್ಲಿ ನಿಲ್ಲುವುದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಕೈ ಪಕ್ಕಕ್ಕೆ, ಕತ್ತು ನೇರ. ಅದನ್ನು ಅವನಿಗೆ ಹೇಳಿ. ದೂರು ಕೊಡಲು ಯಾವತ್ತು ಹೋಗುತ್ತೀರಿ? ಜೊತೆಗೆ ಬರುತ್ತೇನೆ ಅಂದಿದ್ದೆ.

ಧಾರವಾಡದಾಕಿ, ಕೋಥರೂಡ್

ಗುರುವಾರ ಹತ್ತು ಗಂಟೆಗೆ ಸರ್. ಗೇಟಿನ ಹತ್ತಿರ ಇರುತ್ತೇನೆ.