ಶಾಂತಿಗಾಗಿ ಎಲ್ರೂ ಸೇರಿ ಪ್ರಾರ್ಥನೆ, ಹೆಂಗೆ ಮಾಡೋದು?

ನಮ್ಮೂರಲ್ಲಿ ಸಿಎಸ್‌ಐನವ್ರು (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್ ಸಭೆ), ಕ್ಯಾಥೊಲಿಕ್ಸ್ ಸೇರ್ಕೊಂಡು ಮಣಿಪುರ, ಗಾಜಾ, ಉಕ್ರೇನ್ ಜನಕ್ಕೋಸ್ಕರ ಒಂದು ಸಂಜೆ ಪ್ರಾರ್ಥನೆ ಇಡೋಣ ಅಂತಿದೀವಿ. ಪರಮಪ್ರಸಾದ (ಚರ್ಚಲ್ಲಿ ಕೊಡೋ ಪವಿತ್ರ ರೊಟ್ಟಿ, ದ್ರಾಕ್ಷಾರಸ) ಅಂತೂ ಒಟ್ಟಿಗೆ ತಗೊಳ್ಳೋಕಾಗಲ್ಲ, ಮತ್ತೇನಿಡೋದು?

ಉತ್ತರ 1:
ಪರಮಪ್ರಸಾದ ಕೊಡೋ ಬಲಿಪೂಜೆ ಬೇಡ ಬಿಡಿ, ಬೈಬಲ್ ವಾಕ್ಯ, ಹಾಡು, ಮೌನ ಸಾಕು. ಬೈಬಲ್‌ನ 46ನೇ ಕೀರ್ತನೆ ಓದ್ಸಿ, ದೇವ್ರು ಬಿಲ್ಲು ಮುರಿದು ಭರ್ಜಿ ತುಂಡು ಮಾಡ್ತಾನೆ ಅಂತ ಬರತ್ತಲ್ಲ ಅದು, ಆಮೇಲೆ ಎರಡು ನಿಮಿಷ ಮೌನ, ಅಷ್ಟೊತ್ತೂ ಕೀಬೋರ್ಡ್ ಅಣ್ಣ ಕೈ ಕಟ್ಕೊಂಡಿರ್ಲಿ ಪ್ಲೀಸ್ 😀

ಉತ್ತರ 2:
2013ರ ಸೆಪ್ಟೆಂಬರ್ 7ಕ್ಕೆ ಸಿರಿಯಾಗೋಸ್ಕರ ಉಪವಾಸ, ಪ್ರಾರ್ಥನೆ ಇಟ್ಟಾಗ ಪೋಪ್ ಫ್ರಾನ್ಸಿಸ್ ಬೇರೆ ಧರ್ಮದವ್ರನ್ನೂ ಕರೆದಿದ್ರು. ನೀವೂ ಅಕ್ಕಪಕ್ಕದ ಮಸೀದಿ, ದೇವಸ್ಥಾನದವ್ರಿಗೆ ಹೇಳಿ, ಬರೀ ನಮ್ಮವ್ರೇ ಕೂತ್ರೆ ಏನ್ ಬಂತು.

ಉತ್ತರ 3:
ಬಿನ್ನಹದಲ್ಲಿ (ಬೇರೆಯವ್ರಿಗೋಸ್ಕರ ಒಂದೊಂದಾಗಿ ಬೇಡ್ಕೊಳ್ಳೋ ಪ್ರಾರ್ಥನೆ) ಭಾಷಣ ತುರುಕ್ಬೇಡಿ ಸರ್. ಸತ್ತವ್ರಿಗೆ, ಊರು ಬಿಟ್ಟವ್ರಿಗೆ, ಹೊಡೆದವ್ರಿಗೂ ಒಂದೊಂದು ಸಾಲು, ಓದೋಕೆ ಯೂತ್ ಹುಡುಗ್ರಿಗೆ ಕೊಡಿ.